ಒಳಗಿನವನ ಅಳತೆ

ರಜೆಯ ಮೊದಲ ಬೆಳಿಗ್ಗೆ ನನ್ನ ಓವರಾಲ್ ಹೊಟ್ಟೆಯ ಮೇಲೆ ಮುಚ್ಚಲಿಲ್ಲ.

ನಾನೂ ಹೆಂಡತಿಯೂ ಇರುವ ಮಾವನ ಮನೆಯ ಮುಂಭಾಗವೇ ಅವರ ಟೈಲರ್ ಅಂಗಡಿ. ಅದರ ಹಿಂಭಾಗದಲ್ಲಿ, ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ನಿಂತಿದ್ದೆ. ಎದುರಿಗೆ ಕನ್ನಡಿ, ಮೈಮೇಲೆ ಅಂಗಿ-ಪ್ಯಾಂಟು ಸೇರಿಸಿ ಹೊಲಿದ ಆ ಕೆಲಸದ ಉಡುಪು. ಉಸಿರು ಒಳಗೆಳೆದರೆ ಗುಂಡಿ ಕೂರುತ್ತಿತ್ತು, ಬಿಟ್ಟರೆ ಕಿತ್ತು ಕನ್ನಡಿಗೆ ಬಡಿಯುವ ಹಾಗಿತ್ತು. ಪರದೆಯ ಆಚೆ ಮಾವನ ಮಿಷಿನ್ನು ಓಡುತ್ತಿದ್ದದ್ದು ಒಂದು ಕ್ಷಣ ನಿಂತು ಮತ್ತೆ ಓಡಿತು.

ನಾನು ರಟ್ಟಿನ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸದವನು. ವರ್ಷದ ಕೊನೆಯ ರಜೆಗೆ ಕಾರ್ಖಾನೆ ಮುಚ್ಚಿದಾಗ ಬಾಯ್ಲರಿನ ಬೆಂಕಿ ಆರಿಸಿ, ನೀರು ಬಸಿದು, ಅದನ್ನು ತಣ್ಣಗಾಗಲು ಬಿಡುತ್ತಾರೆ. ರಜೆಯ ಕೊನೆಯ ದಿನ ಒಬ್ಬ ಮನುಷ್ಯ ಅದರ ಹೊಟ್ಟೆಯೊಳಗೆ ಇಳಿದು, ಗೋಡೆಗೆ ಅಂಟಿದ ಸುಣ್ಣದ ಪದರ ಕೆರೆದು, ಎಲ್ಲಾದರೂ ಬಿರುಕಿದೆಯೇ ಎಂದು ಕೈಯಿಂದ ಸವರಿ ನೋಡಬೇಕು. ಒಳಗೆ ಹೋಗಲು ಮೊಟ್ಟೆಯಾಕಾರದ ಒಂದು ಬಾಯಿ ಬಿಟ್ಟರೆ ಬೇರೆ ದಾರಿ ಇಲ್ಲ. ಒಂದು ಕೈ ಮೇಲೆತ್ತಿ, ತಲೆ ವಾಲಿಸಿ, ಹಾವಿನ ಹಾಗೆ ಹೋಗಬೇಕು. ಕಾರ್ಖಾನೆಯಲ್ಲಿ ಆ ಮನುಷ್ಯ ನಾನು. ಅಲ್ಲಿ ನನ್ನನ್ನು ಕರೆಯುವುದೇ ‘ಒಳಗಿನವನು’ ಎಂದು.

ಹೋದ ವರ್ಷ ಫೋರ್‌ಮನ್ ನನ್ನ ಪಾದಗಳಿಗೆ ಭುಜ ಕೊಟ್ಟು ನೂಕಬೇಕಾಯಿತು. ನಾನು ಹೊರಗೆ ಬಂದ ಮೇಲೆ ಆತ ಹೇಳಿದ್ದು ಇಷ್ಟು: “ಮುಂದಿನ ಸಲ ಹಿಡಿಸದಿದ್ರೆ ಗೇಟಿನ ಸ್ಟೂಲು ಖಾಲಿ ಇದೆ. ನೆನಪಿಟ್ಕೋ.”

ಗೇಟಿನ ಸ್ಟೂಲಿನ ಮೇಲೆ ಕೂತವನು ಬರುವ ಲಾರಿಗಳಿಗೆಲ್ಲ ಕೈ ಎತ್ತುತ್ತಾನೆ. ಲಾರಿಗಳು ಅವನನ್ನು ನೋಡುವುದಿಲ್ಲ. ಅವನನ್ನು ಯಾರೂ ಯಾವ ಹೆಸರಿನಿಂದಲೂ ಕರೆಯುವುದಿಲ್ಲ.

ಓವರಾಲ್ ಹೊಲಿದುಕೊಟ್ಟವರು ಮಾವ. ಬಾಯ್ಲರಿನ ಬಾಯಿ ಎಷ್ಟು ಎಂದು ಕೇಳಿ, ನಾನು ಎರಡು ಕೈಯಲ್ಲಿ ತೋರಿಸಿದ್ದನ್ನು ನೋಡಿ, ಬಟ್ಟೆ ಕತ್ತರಿಸಿದ್ದರು. “ಇದು ಉಸಿರು ಹಿಡಿಯದೆ ಮುಚ್ಚಿದರೆ ಅಲ್ಲೂ ಹಿಡಿಸ್ತೀರಿ ಅಂತ ತಿಳ್ಕೊಳ್ಳಿ, ಅಳಿಯಂದ್ರೇ” ಎಂದಿದ್ದರು. ಅಂದಿನಿಂದ ನಮ್ಮ ಮನೆಯಲ್ಲಿ ತೂಕದ ಯಂತ್ರ, ವೈದ್ಯರು, ಕನ್ನಡಿ ಎಲ್ಲ ಆ ಓವರಾಲೇ.

ಮಧ್ಯಾಹ್ನದ ಹೊತ್ತಿಗೆ ಹೆಂಡತಿಯ ಅಕ್ಕ ಮತ್ತು ಭಾವ ರಜೆ ಕಳೆಯಲು ಬಂದಿಳಿದರು. ಅತ್ತೆ ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ಏನೇನೋ ಕರಿಯುತ್ತಿದ್ದರು, ಬೇಯಿಸುತ್ತಿದ್ದರು, ಮೇಲೆ ಸಕ್ಕರೆ ಉದುರಿಸುತ್ತಿದ್ದರು. ನಾನಂತೂ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಹೇಗಿದ್ದರೂ ಗೇಟು. ಗೇಟಿನಲ್ಲಿ ಕೂರುವವನಿಗೆ ಹೊಟ್ಟೆ ಇದ್ದರೇನು, ಇಲ್ಲದಿದ್ದರೇನು? ತಟ್ಟೆಯ ಮುಂದೆ ಕೂತು ಅತ್ತೆ ಬಡಿಸಿದ್ದನ್ನೆಲ್ಲ ತಿಂದೆ. ಬಡಿಸದೆ ಇದ್ದದ್ದನ್ನು ಎದ್ದು ಹೋಗಿ ಹಾಕಿಕೊಂಡೆ.

“ಈ ವರ್ಷ ಒಬ್ಬರಾದ್ರೂ ನನ್ನ ಮರ್ಯಾದೆ ಉಳಿಸಿದ್ರಲ್ಲ” ಎಂದು ಅತ್ತೆ ಭಾವನ ಕಡೆ ನೋಡಿದರು. ಭಾವ ತಟ್ಟೆಯಲ್ಲಿ ಸೌತೆಕಾಯಿ ಮಾತ್ರ ಇಟ್ಟುಕೊಂಡು ಒಂದೊಂದು ಹೋಳನ್ನೂ ಲೆಕ್ಕವಿಲ್ಲದಷ್ಟು ಸಲ ಅಗಿಯುತ್ತಿದ್ದರು.

ಭಾವನದು ಹಾಸಿಗೆ ಮಾರುವ ಅಂಗಡಿ. ಇಡೀ ದಿನ ಗಿರಾಕಿಗಳನ್ನು ಮಲಗಿಸಿ ಎಬ್ಬಿಸುವ ಕೆಲಸ. ಅದಕ್ಕೇ ಇರಬೇಕು, ತಾವು ಮಾತ್ರ ನಿಲ್ಲುವುದೇ ಇಲ್ಲ. ಹೋದ ವರ್ಷದಿಂದ ಆರೋಗ್ಯದ ಹುಚ್ಚು ಹಿಡಿದಿದೆ. ನೀರಿನ ಬಾಟಲಿಯನ್ನು ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ.

ಮರುದಿನ ಬೆಳಿಗ್ಗೆ ಪರದೆಯ ಹಿಂದೆ ಹೋಗಿ, ಹಲ್ಲು ಕಚ್ಚಿ, ಓವರಾಲ್ ಏರಿಸಿದೆ.

ಗುಂಡಿಗಳು ತಾವಾಗಿಯೇ ಕೂತವು. ಕೂತದ್ದಷ್ಟೇ ಅಲ್ಲ, ಸೊಂಟದಲ್ಲಿ ಒಂದು ಮುಷ್ಟಿ ಬಟ್ಟೆ ಹೆಚ್ಚಿಗೆ ಜೋಲುತ್ತಿತ್ತು. ನಿನ್ನೆ ಬೆಳಿಗ್ಗೆಯ ನನಗೂ ಇವತ್ತಿನ ನನಗೂ ಮಧ್ಯೆ ಇದ್ದದ್ದು ನಿನ್ನೆಯ ಊಟ ಒಂದೇ. ತಲೆಬುಡ ತಿಳಿಯಲಿಲ್ಲ. ತಿಳಿಯದ ಸಂತೋಷವೂ ಸಂತೋಷವೇ ಅಲ್ಲವೇ? ಅದೇ ವೇಷದಲ್ಲಿ ಅಡುಗೆಮನೆಗೆ ಓಡಿ ಹೆಂಡತಿಯ ಮುಂದೆ ನಿಂತು ಬಟ್ಟೆ ಹಿಡಿದೆಳೆದು ತೋರಿಸಿದೆ.

“ನೋಡೇ, ಎಷ್ಟು ಜೋಲು!”

ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ನಿಂತಿತು. “ನಿನ್ನೆ ಅಷ್ಟು ತಿಂದ್ರಲ್ಲ ರೀ.”

“ಅದೇ ಮತ್ತೆ!”

“ಹುಷಾರಾಗಿದ್ದೀರಾ?”

“ನನಗೇನಾಗಿದೆ?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಹೆಚ್ಚತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಭಾವ ಬಾಟಲಿಯ ಮುಚ್ಚಳ ತಿರುಗಿಸುತ್ತ ಎಲ್ಲವನ್ನೂ ತಮ್ಮ ಖಾತೆಗೆ ಹಾಕಿಕೊಂಡರು.

“ನಿನ್ನೆ ಸಾಯಂಕಾಲ ನನ್ನ ಜೊತೆ ಬಸ್ ನಿಲ್ದಾಣದವರೆಗೆ ನಡೆದ್ಯಲ್ಲ ತಮ್ಮಾ, ಅದರ ಫಲ. ಒಂದೇ ನಡಿಗೆಗೆ ಇಷ್ಟು ಅಂದ್ರೆ, ಇವತ್ತಿನಿಂದ ನನ್ನ ಪಥ್ಯ ಶುರು ಮಾಡು. ನಿನ್ನನ್ನ ಆ ಬಾಯ್ಲರಿನ ಕೊಳವೇಲೂ ಕಳಿಸ್ತೀನಿ.”

ಆ ದಿನ ಬೇಯಿಸಿದ ತರಕಾರಿ, ಉಪ್ಪಿಲ್ಲದ್ದು. ಸಾಯಂಕಾಲ ಭಾವನ ಹಿಂದೆ ನಡಿಗೆ. ಬೀದಿಯ ಅಂಗಡಿಗಳಲ್ಲೆಲ್ಲ ರಜೆಯ ದೀಪ, ಕಿಟಕಿಗಳಲ್ಲಿ ಕೇಕು, ಜನರ ಕೈಯಲ್ಲಿ ಪೊಟ್ಟಣ. ಭಾವ ಬೇಕರಿ ಬಂದಾಗಲೆಲ್ಲ ರಸ್ತೆ ದಾಟಿಸುತ್ತಿದ್ದರು. ಆಚೆ ಬದಿಯಲ್ಲಿ ಇನ್ನೊಂದು ಬೇಕರಿ ಇರುತ್ತಿತ್ತು. ಹೀಗೆ ಹೊಲಿಗೆಯ ಹಾಗೆ ಬೀದಿಯ ಆ ಕಡೆ ಈ ಕಡೆ ಹಾಯುತ್ತ ನಡೆದು, ಕಾಲು ಸೋತು ಮನೆಗೆ ಬಂದು, ಹಸಿದುಕೊಂಡೇ ಮಲಗಿದೆ.

ಬೆಳಿಗ್ಗೆ ಓವರಾಲ್ ಬಿಗಿ. ಮೊದಲ ದಿನಕ್ಕಿಂತ ಬಿಗಿ. ಉಸಿರೆಳೆದು, ಬೆನ್ನು ಗೋಡೆಗೆ ಒತ್ತಿ, ಒಂದು ಗುಂಡಿಯನ್ನು ಹೇಗೋ ತೂರಿಸಿದಾಗ ಗಂಟಲಿಂದ ವಿಚಿತ್ರ ಸದ್ದು ಬಂತು. ಆಚೆ ಮಿಷಿನ್ನು ಮತ್ತೆ ಒಂದು ಕ್ಷಣ ನಿಂತಿತು. ಈ ಸಲ ಯಾರಿಗೂ ತೋರಿಸದೆ ಬಿಚ್ಚಿ, ಮೊಳೆಗೆ ತೂಗುಹಾಕಿ, ಪೆಚ್ಚು ಮೋರೆ ಹೊತ್ತು ಒಳಗೆ ಹೋದೆ. ಭಾವನಿಗೆ ಮಾತ್ರ ಕಿವಿಯಲ್ಲಿ ಹೇಳಿದೆ.

ಭಾವ ಗಾಬರಿಯಾಗಲಿಲ್ಲ. “ಇದು ನಾನು ಓದಿದ್ದೀನಿ. ದೇಹ ಹೆದರಿಬಿಟ್ಟಿದೆ. ಬರಗಾಲ ಬಂತು ಅಂದ್ಕೊಂಡು ಇದ್ದದ್ದನ್ನೆಲ್ಲ ಬಾಚಿ ಇಟ್ಕೊಂಡಿದೆ.”

“ಹಾಗಾದ್ರೆ ಏನು ಮಾಡ್ಲಿ?”

“ಅದನ್ನ ಓದಿಲ್ಲ.”

ಬೇಸರದಲ್ಲಿ ಆ ದಿನ ಮತ್ತೆ ತಿಂದೆ. ಹುರಿದ ಆಲೂಗಡ್ಡೆ, ಕೇಕು, ಕೇಕಿನ ಮೇಲೆ ಕೆನೆ, ಅತ್ತೆಯ ಸಂತೋಷ. ಮರುದಿನ ಓವರಾಲ್ ಮತ್ತೆ ಜೋಲು. ಹೆಂಡತಿಗೆ ತೋರಿಸಿದೆ. ಅವಳ ಮುಖ ಬಿಳಿಚಿಕೊಂಡಿತು. ಭಾವ ಬೆನ್ನು ತಟ್ಟಿದರು. ಉತ್ಸಾಹದಿಂದ ಪಥ್ಯ ಹಿಡಿದೆ, ನಡೆದೆ, ಹಸಿದೆ. ಅದರ ಮರುದಿನ ಬಿಗಿ.

ಹೀಗೆ ರಜೆ ಸಾಗಿತು. ಹಸಿದರೆ ಊದುತ್ತೇನೆ, ತಿಂದರೆ ಬಾಡುತ್ತೇನೆ. ನಾನು ಚಿಕ್ಕಂದಿನಿಂದ ನಂಬಿದ್ದ ಜಗತ್ತಿನ ಒಂದು ಕಂಬ ಸದ್ದಿಲ್ಲದೆ ಪಕ್ಕಕ್ಕೆ ಸರಿದಿತ್ತು. ಅದೊಂದು ಸರಿದ ಮೇಲೆ ಉಳಿದವೂ ಅಲುಗಾಡಿದಂತೆ ಕಂಡವು. ಮೆಟ್ಟಿಲು ಹತ್ತುವಾಗ ಇಳಿಯುತ್ತಿದ್ದೇನೋ ಎಂದು ಅನುಮಾನ. ಕನ್ನಡಿಯಲ್ಲಿ ಕಂಡ ಮುಖ ಕೆಲವೊಮ್ಮೆ ದುಂಡಗೆ, ಕೆಲವೊಮ್ಮೆ ಕೋಲು. ಯಾರಾದರೂ “ಊಟ ಆಯ್ತಾ?” ಎಂದರೆ ಉತ್ತರಿಸುವ ಮುಂಚೆ ಯೋಚಿಸುತ್ತಿದ್ದೆ. ಕೊನೆಗೆ ಭಾವನಿಗೆ ಹೇಳಿದೆ: “ಭಾವ, ನನಗೆ ತಿನ್ನೋದೇ ವ್ಯಾಯಾಮ ಅಂತ ಕಾಣುತ್ತೆ.”

ಭಾವ ಬಾಟಲಿ ಕೆಳಗಿಟ್ಟು, ಆ ರಜೆಯಲ್ಲಿ ಮೊದಲ ಬಾರಿಗೆ ಒಂದು ತುಂಡು ಕೇಕು ಬಾಯಿಗಿಟ್ಟುಕೊಂಡರು. “ಪರೀಕ್ಷೆಗೆ ಅಷ್ಟೇ” ಎಂದರು.

ರಜೆ ಮುಗಿಯುತ್ತ ಬಂದಾಗ ಅತ್ತೆ ಓವರಾಲನ್ನು ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿದರು. ನಾನು ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದೆ. ಬಟ್ಟೆಯ ಹಿಂದಿನಿಂದ ಬಿಸಿಲು ಬಂತು. ಪಕ್ಕದ ಹೊಲಿಗೆಯ ಗುಂಟ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು, ಒಂದರ ಪಕ್ಕ ಒಂದು ಸಾಲು, ಇರುವೆಗಳ ಮೆರವಣಿಗೆಯ ಹಾಗೆ. ಸೂಜಿ ಚುಚ್ಚಿ ಬಿಟ್ಟ ತೂತುಗಳು. ಹೊಲಿಗೆ ಅಲ್ಲಿತ್ತು, ಇಲ್ಲಿಗೆ ಬಂತು, ಮತ್ತೆ ಅಲ್ಲಿಗೆ ಹೋಯಿತು, ಮತ್ತೆ ಇಲ್ಲಿಗೆ. ನನ್ನ ರಜೆಯ ಒಂದೊಂದು ದಿನವೂ ಆ ಬಟ್ಟೆಯಲ್ಲಿ ಚುಚ್ಚಿಕೊಂಡಿತ್ತು.

ಹಾಗೆಯೇ ಎಳೆದುಕೊಂಡು ಅಂಗಡಿಗೆ ಹೋದೆ. ಮಾವ ಕಾಜಾ ಹೊಲಿಯುತ್ತಿದ್ದರು. ಹೆಂಡತಿ ಎದುರಿನ ಮೇಜಿನ ಮೇಲೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

“ಮಾವ, ಇದನ್ನ ಯಾರು ಬಿಚ್ಚಿದ್ದು?”

ಮಾವ ಕನ್ನಡಕ ಹಣೆಗೇರಿಸಿದರು. ನಾಚಿಕೊಂಡರು ಎಂದೇ ಹೇಳಬೇಕು. “ಅಂಗಡಿಗೆ ಬಂದವರಿಗೆ ನೀವು ದಪ್ಪ ಆಗಿದ್ದೀರಿ ಅಂತ ಯಾವತ್ತೂ ಹೇಳಿದೋನಲ್ಲ ನಾನು. ಸುಮ್ನೆ ಬಿಚ್ಚಿ, ಒಳಗೆ ಬಿಟ್ಟಿರೋ ಬಟ್ಟೇನ ಹೊರಗೆ ತಂದು, ಹೊಲಿದು ಕೊಟ್ಬಿಡೋದು. ಅವರು ಖುಷಿಯಾಗಿ ಹೋಗ್ತಾರೆ. ಗಿರಾಕಿಗೇ ಹೇಳದೋನು ಅಳಿಯಂದ್ರಿಗೆ ಹೇಳ್ತೀನಾ? ಪರದೆ ಹಿಂದೆ ನೀವು ಪಡೋ ಪಾಡು ಕಿವಿಗೆ ಬೀಳ್ತಿತ್ತು. ಬಿದ್ದಾಗಲೆಲ್ಲ ಒಂಚೂರು ಬಿಟ್ಟೆ.”

ಇಸ್ತ್ರಿಪೆಟ್ಟಿಗೆ ಮೇಜಿನ ಮೇಲೆ ಧಡ್ಡೆಂದು ಕೂತಿತು.

“ಬಿಟ್ರಾ? ನೀವು ಬಿಟ್ರಾ ಅಪ್ಪ? ನಾನು ಹಿಡಿದೆ!”

“ಏನು ಹಿಡಿದೆ?”

“ಹೊಲಿಗೆ! ಇವರು ಬಂದು ಜೋಲು ಜೋಲು ಅಂತ ಕುಣೀತಿದ್ರಲ್ಲ. ಜೋಲು ಬಟ್ಟೆ ಹಾಕ್ಕೊಂಡು ಆ ಬಾಯೊಳಗೆ ಹೋದ್ರೆ ಎಲ್ಲಾದ್ರೂ ಸಿಕ್ಕಿಹಾಕ್ಕೊಳ್ಳಲ್ವಾ? ಇವರು ನಡೆಯೋಕೆ ಹೋದಾಗ ಕೂತು ಹಿಡಿದೆ. ಒಂದಿನ ಬಿಟ್ಟು ನೋಡಿದ್ರೆ ಮತ್ತೆ ಜೋಲು! ಮತ್ತೆ ಹಿಡಿದೆ, ಮತ್ತೆ ಜೋಲು. ಇಷ್ಟು ತಿಂದೂ ಇಷ್ಟು ಸೊರಗೋ ರೋಗ ಯಾವುದಪ್ಪಾ ಅಂತ...” ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. “ರಜೆ ಮುಗೀಲಿ, ಆಮೇಲೆ ಡಾಕ್ಟರ ಹತ್ತಿರ ಎಳ್ಕೊಂಡು ಹೋಗೋಣ ಅಂತಿದ್ದೆ.”

ಹಾಗಾದರೆ ಅವತ್ತಿನ ಕಣ್ಣೀರು ಈರುಳ್ಳಿಯದಾಗಿರಲಿಲ್ಲ. ಇಡೀ ರಜೆ ಅವಳು ನನ್ನನ್ನು ಕಳೆದುಕೊಳ್ಳುತ್ತಿದ್ದಳು. ನಾನು ಅವಳ ಮುಂದೆ ಬಟ್ಟೆ ಎಳೆದು ಎಳೆದು ತೋರಿಸಿ ಕುಣಿದಿದ್ದೆ.

“ಬಿಟ್ಟದ್ದು, ಹಿಡಿದದ್ದು ನಿಮ್ಮಿಬ್ಬರ ಕಣ್ಣಿಗೂ ಬೀಳಲಿಲ್ವಾ? ಬೇರೆಯವರ ಹೊಲಿಗೆ ಅಂತ ಗೊತ್ತಾಗಲಿಲ್ವಾ?” ಎಂದೆ.

ಮಾವ ಓವರಾಲನ್ನು ಇಸಿದುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದರು. “ಬೇರೆಯವರದ್ದು ಆಗಿದ್ರೆ ಗೊತ್ತಾಗ್ತಿತ್ತು. ಇವಳಿಗೆ ಸೂಜಿ ಹಿಡಿಸಿದ್ದು ನಾನು. ನನ್ನ ಕೈಯೇ ಇವಳ ಕೈ. ನಿನ್ನೆ ಬಿಟ್ಟದ್ದನ್ನ ಇವತ್ತು ನಾನೇ ಹಿಡಿದಿದ್ದೀನಿ, ಹಿಡಿದಿದ್ದು ಮರೆತಿದ್ದೀನಿ ಅಂದ್ಕೊಂಡೆ.” ಆಮೇಲೆ ಮೆಲ್ಲಗೆ ಹೇಳಿದರು: “ವಯಸ್ಸಾಯ್ತಲ್ಲ. ಯಾರಿಗೆ ಹೇಳೋದು ಅಂತ ಸುಮ್ಮನಿದ್ದೆ.”

“ನಾನೂ ಅಷ್ಟೇ” ಎಂದಳು ಅವಳು. “ಹೊಲಿಗೆ ನೋಡಿದ್ರೆ ನನ್ನದೇ. ಹೊಲಿಗೆ ಅಲ್ಲೇ ಇದೆ ಅಂದ್ರೆ ಸಣ್ಣ ಆದದ್ದು ಇವರೇ ತಾನೆ?”

ಗದ್ದಲ ಕೇಳಿ ಅತ್ತೆಯೂ ಭಾವನೂ ಅಂಗಡಿಗೆ ಬಂದರು, ಅವರಿಗೂ ತೂತುಗಳನ್ನು ತೋರಿಸಿ ಹೇಳಿದೆವು. ಮಾವನಿಗೆ ಮರೆವಿನ ಕಾಯಿಲೆ ಇರಲಿಲ್ಲ. ನನಗೆ ಸೊರಗುವ ಕಾಯಿಲೆ ಇರಲಿಲ್ಲ. ಎಲ್ಲರಿಗೂ ನಗು ಬರಬೇಕಿತ್ತು. ಅತ್ತೆಗೆ ಬಂತು. ಭಾವನಿಗೆ ಬರಲಿಲ್ಲ, ಅವರ ಸಿದ್ಧಾಂತ ಹೋಗಿತ್ತು. ನನಗೂ ಬರಲಿಲ್ಲ. ಓವರಾಲ್ ಸುಳ್ಳಾದರೆ ನಿಜ ಯಾವುದು?

“ಮೊದಲಿನ ಅಳತೆ ಎಷ್ಟಿತ್ತು ಮಾವ? ಅಲ್ಲಿಗೆ ತಂದು ಹೊಲಿದುಬಿಡಿ, ಹಾಕಿ ನೋಡ್ತೀನಿ.”

“ತಲೆಯಲ್ಲಿತ್ತು.” ಮಾವ ತೂತುಗಳ ಸಾಲುಗಳನ್ನು ನೋಡಿದರು. “ಇದರಲ್ಲಿ ಮೊದಲನೇದು ಯಾವುದು ಅಂತ ಈಗ ನಾನು ಹೇಳಲಾರೆ.”

ಭಾವ ಸೋಲೊಪ್ಪುವವರಲ್ಲ. ಬಟ್ಟೆ ಸುತ್ತಿ ಬಂದಿದ್ದ ದೊಡ್ಡ ರಟ್ಟು ತಂದು, “ಬಾಯಿ ಎಷ್ಟಿದೆ ತೋರಿಸು, ಕತ್ತರಿಸೋಣ. ನೀನು ತೂರಿ ನೋಡು” ಎಂದರು. ನಾನು ಕೈಯಲ್ಲಿ ತೋರಿಸಿದೆ. ಕತ್ತರಿಸಿದ ಬಾಯಲ್ಲಿ ಅತ್ತೆ ಕೂಡ ದಾಟಿ ಹೋಗಬಹುದಿತ್ತು. ಚಿಕ್ಕದು ಮಾಡಿ ತೋರಿಸಿದೆ. ಅದರಲ್ಲಿ ಬೆಕ್ಕು ಹೋಗುವುದೂ ಕಷ್ಟವಿತ್ತು. ಇಷ್ಟು ವರ್ಷ ಆ ಬಾಯಿಯನ್ನು ದಾಟಿದ್ದೇನೆ, ಆದರೆ ದಾಟುವಾಗ ಕಣ್ಣು ಮುಚ್ಚಿರುತ್ತೇನೆ. ಅದು ನನಗೆ ಗೊತ್ತಿರುವುದು ಭುಜದಿಂದ, ಪಕ್ಕೆಯಿಂದ. ಕೈಗೆ ಗೊತ್ತಿಲ್ಲ. ಮೂರನೆಯ ರಟ್ಟು ನನ್ನ ಸೊಂಟದಲ್ಲಿ ಹರಿಯಿತು. ಹಿಡಿಸಲಿಲ್ಲವೆಂದು ಹರಿಯಿತೋ, ರಟ್ಟೇ ಮೆದುವೋ, ಗೊತ್ತಾಗಲಿಲ್ಲ.

“ಒಂಚೂರು ಬಿಟ್ಟು ಕೊಡ್ತೀನಿ” ಎಂದರು ಮಾವ.

“ಬೇಡ, ಹಿಡಿದು ಕೊಡ್ತೀನಿ” ಎಂದಳು ಹೆಂಡತಿ.

ಅತ್ತೆ ಓವರಾಲನ್ನು ಮಡಚಿ, ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟರು. “ಇದಕ್ಕೆ ಇನ್ನು ಯಾರಾದ್ರೂ ಸೂಜಿ ಚುಚ್ಚಿದ್ರೆ ಊಟ ಇಲ್ಲ ನೋಡಿ. ಅವರು ಹೇಗಿದ್ದಾರೋ ಹಾಗೆ ಹೋಗ್ಲಿ.”

ಹೇಗಿದ್ದೇನೋ ಹಾಗೆ. ಹೇಗಿದ್ದೇನೆ?

ರಜೆಯ ಕೊನೆಯ ದಿನ ಕಾರ್ಖಾನೆಯ ಅಂಗಳ ಖಾಲಿ. ಗೇಟಿನ ಬಳಿ ಸ್ಟೂಲಿತ್ತು, ಮೇಲೆ ಯಾರೂ ಇರಲಿಲ್ಲ. ಅದನ್ನು ನೋಡದ ಹಾಗೆ ನಟಿಸಿ ಒಳಗೆ ಹೋದೆ. ಫೋರ್‌ಮನ್ ಆಗಲೇ ಬಾಯ್ಲರಿನ ಮುಚ್ಚಳ ತೆಗೆಸಿ, ಒಳಗೆ ಗಾಳಿ ಬಿಟ್ಟು, ಹಗ್ಗ ಹಿಡಿದು ನಿಂತಿದ್ದ.

“ಬಾ ಒಳಗಿನವನೇ. ರಜೆ ಜೋರಾ?” ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಏನಯ್ಯಾ, ದಪ್ಪ ಆಗಿದ್ದೀಯೋ ಸಣ್ಣ ಆಗಿದ್ದೀಯೋ?”

“ನೀವೇ ಹೇಳಿ.”

ಆತ ತಲೆ ವಾಲಿಸಿ ನೋಡಿದ. “ತಿಳೀತಿಲ್ಲ” ಎಂದ.

ಹಗ್ಗ ಕಟ್ಟಿಸಿಕೊಂಡು, ಕೈಯೆತ್ತಿ, ಕಣ್ಣು ಮುಚ್ಚಿ, ತಲೆ ತೂರಿಸಿದೆ. ಭುಜ ಹೋಯಿತು. ಎದೆ ಹೋಯಿತು. ಸೊಂಟದಲ್ಲಿ ನಿಂತಿತು. ಒಳಗೆ ಕತ್ತಲು, ಹಳೆಯ ನೀರಿನ ವಾಸನೆ. ಹೊರಗೆ ನನ್ನ ಕಾಲುಗಳು, ಯಾರದ್ದೋ ಕಾಲುಗಳ ಹಾಗೆ. ಫೋರ್‌ಮನ್ ನೂಕಿದ. ಏನೋ ಮುದ್ದೆಯಾಗಿ ಕಬ್ಬಿಣದ ಅಂಚಿಗೆ ಒತ್ತುತ್ತಿತ್ತು. ಅದು ನಾನೋ? ಮಾವ ಬಿಟ್ಟ ಬಟ್ಟೆಯೋ? ಹೆಂಡತಿ ಹಿಡಿದು ಒಳಗೆ ಮಡಚಿದ ಬಟ್ಟೆಯೋ? ಒತ್ತುವ ಜಾಗ ನನ್ನದಾಗಿದ್ದರೂ ಏನು ಒತ್ತುತ್ತಿದೆಯೆಂದು ನನಗೆ ಹೇಳಲಾಗಲಿಲ್ಲ.

“ಆಯ್ತು ಬಿಡು” ಎಂದಿತು ಫೋರ್‌ಮನ್‌ನ ಧ್ವನಿ, ಬಾವಿಯ ಮೇಲಿಂದ ಬಂದಂತೆ. “ಹೊರಗೆ ಬಾ. ಸ್ಟೂಲು ಒರೆಸಿಸ್ತೀನಿ.”

ಹೊರಗೆ ಬಂದೆ. ಆತ ಹಗ್ಗ ಸುತ್ತತೊಡಗಿದ್ದ. ನಾನು ಗುಂಡಿಗಳನ್ನು ಬಿಚ್ಚಿ ಓವರಾಲನ್ನು ಕಾಲಿನಿಂದ ಕಳಚಿದೆ. ಬನಿಯನ್-ಚಡ್ಡಿಯಲ್ಲಿ ನಿಂತೆ. ಚಳಿಗೆ ಮೈ ನಡುಗಿತು.

“ಇದೇನು?”

“ಇನ್ನೊಂದು ಸಲ ನೋಡ್ತೀನಿ.”

“ಲೇ, ಅಲ್ಲಿ ಬೋರ್ಡ್ ಇದೆ. ಓವರಾಲ್ ಹಾಕದೆ ಒಳಗೆ ಕೆಲಸ ಮಾಡೋ ಹಾಗಿಲ್ಲ.”

“ಕೆಲಸ ಮಾಡಲ್ಲ. ಹೋಗ್ತೀನಿ ಅಷ್ಟೇ.”

ಹಗ್ಗವನ್ನು ಬರಿ ಸೊಂಟಕ್ಕೆ ಕಟ್ಟಿ ತೂರಿದೆ. ತಣ್ಣನೆ ಕಬ್ಬಿಣ ಹೊಟ್ಟೆಯನ್ನು ಸವರಿತು, ಒಂದು ಕ್ಷಣ ಹಿಡಿದುಕೊಂಡಿತು, ಬಿಟ್ಟಿತು. ಒಳಗೆ ಬಿದ್ದೆ. ಯಾರೂ ನೂಕಿರಲಿಲ್ಲ.

ಬಾಯಿಯ ಬೆಳಕಿನಲ್ಲಿ ಫೋರ್‌ಮನ್‌ನ ಮುಖ ಕಾಣಿಸಿತು. ಮುಖದ ಕೆಳಗೆ, ಆತನ ಕೈಯಲ್ಲಿ, ನನ್ನ ಖಾಲಿ ಓವರಾಲ್ ತೂಗುತ್ತಿತ್ತು. ಆತ ಅದನ್ನೂ ನನ್ನನ್ನೂ ಸರದಿಯಲ್ಲಿ ನೋಡಿದ.

“ಹಿಡಿಸದೆ ಇದ್ದದ್ದು ಇದಾ?”

“ಇರಬೇಕು.”

“ಥೂ. ನಿಮ್ಮನೇಲಿ ಬಟ್ಟೆಗೂ ಊಟ ಹಾಕ್ತಾರೇನಯ್ಯಾ?” ಎಂದು ಅದನ್ನು ಮುದುರಿ, ಬಾಯಿಯೊಳಗೆ ತುರುಕಿ, ನನ್ನ ಮೇಲೆ ಎಸೆದ. “ಒಳಗೇ ಹಾಕ್ಕೋ. ಬೋರ್ಡಿಗೂ ಮರ್ಯಾದೆ, ನಿನಗೂ ಮರ್ಯಾದೆ. ಸ್ಟೂಲು ಇನ್ನೊಂದು ವರ್ಷ ಕಾಯ್ಲಿ.”

ಕತ್ತಲಲ್ಲಿ ಬಾಗಿ ನಿಂತು ಓವರಾಲ್ ಹಾಕಿಕೊಂಡೆ. ಗುಂಡಿಗಳು ಕೂತವು. ಬಿಗಿಯೂ ಅಲ್ಲ, ಜೋಲೂ ಅಲ್ಲ, ಅಥವಾ ಎರಡೂ. ಕೆರೆಯುವ ಉಳಿ ತೆಗೆದುಕೊಂಡು ಕೆಲಸ ಶುರು ಮಾಡಿದೆ.

ಸಾಯಂಕಾಲ ಮೈಯೆಲ್ಲ ಸುಣ್ಣದ ಪುಡಿಯಾಗಿ ಮನೆಗೆ ಬಂದಾಗ ಎಲ್ಲರೂ ಅಂಗಡಿಯಲ್ಲೇ ಕಾಯುತ್ತಿದ್ದರು. ಹೇಳಿದೆ. ಅತ್ತೆ ಒಲೆ ಹಚ್ಚಲು ಓಡಿದರು. ಭಾವ ತಮ್ಮ ನಡಿಗೆಯ ಫಲ ಎಂದರು, ಆದರೆ ಮೊದಲಿನ ಜೋರಿರಲಿಲ್ಲ. ಮಾವ ಹಳೆಯ ಓವರಾಲನ್ನು ಗಂಟು ಕಟ್ಟಿ ಮೂಲೆಗಿಟ್ಟು, ಹೊಸ ಬಟ್ಟೆ ಹಾಸಿ, ಕೊರಳಿಂದ ಟೇಪು ತೆಗೆದರು.

“ಬನ್ನಿ. ಇವತ್ತು ಸರಿಯಾಗಿ ತೊಗೊಳ್ತೀನಿ. ಇವಳೂ ನೋಡ್ಲಿ, ಇಬ್ಬರ ತಲೇಲೂ ಇರ್ಲಿ.”

ಟೇಪು ಸೊಂಟದ ಸುತ್ತ ಬಂತು.

“ಉಸಿರು ಬಿಡಿ ಅಳಿಯಂದ್ರೇ. ಟೇಪು ಕಂಡ್ರೆ ಎಲ್ರೂ ಹೊಟ್ಟೆ ಎಳ್ಕೊಳ್ತಾರೆ.”

“ಬಿಟ್ಟಿದ್ದೀನಿ ಮಾವ.”

“ಇಲ್ಲ ಅಪ್ಪ, ಹಿಡಿದಿದ್ದಾರೆ” ಎಂದಳು ಹೆಂಡತಿ.

“ಬಿಟ್ಟಿದ್ದಾರೆ ಕಣಮ್ಮ, ನೋಡು.”

“ನನಗೆ ಗೊತ್ತಿಲ್ವಾ? ಹಿಡಿದಿದ್ದಾರೆ.” ಅವಳು ಅಂಗೈಯನ್ನು ನನ್ನ ಹೊಟ್ಟೆಯ ಮೇಲೆ ಇಟ್ಟಳು. ಬೆಚ್ಚಗಿತ್ತು. ತೆಗೆಯಲಿಲ್ಲ.

ಮಾವ ಟೇಪನ್ನು ಬೆರಳ ನಡುವೆ ಹಿಡಿದೇ ನನ್ನ ಮುಖ ನೋಡಿದರು. ಅವಳೂ ನೋಡಿದಳು. ಇಬ್ಬರೂ ನಾನು ಹೇಳಲಿ ಎಂದು ಕಾದರು. ನಾನು ತಲೆ ಬಗ್ಗಿಸಿ ನನ್ನ ಹೊಟ್ಟೆಯನ್ನೇ ನೋಡಿಕೊಂಡೆ. ಅದು ಏನು ಮಾಡುತ್ತಿದೆ ಎಂದು ತಿಳಿಯಲು ಪ್ರಯತ್ನಿಸಿದೆ.